ತನ್ನ ಪುರಾಣವನ್ನೇ ಒರೆಗೆ ಹಚ್ಚಿದ ಲಾಡ್ಜ್: ಲಂಡನ್ನಿನ ಒಂದು ಸಂಶೋಧನಾ ವಾರ್ಷಿಕದ ವಿಮರ್ಶೆ

ಲಂಡನ್ನಿನ ಕ್ವಾಟುವರ್ ಕೊರೊನಾಟಿ ಲಾಡ್ಜ್, ಸಂಖ್ಯೆ 2076, ಫ್ರೀಮೇಸನ್ನರ ಇತಿಹಾಸವನ್ನು ಸಂಶೋಧಿಸುವುದಕ್ಕೆಂದೇ ಹುಟ್ಟಿದ ಲಾಡ್ಜ್. ಫ್ರೀಮೇಸನ್ನರೆಂದರೆ ಹಳೆಯ ಕಲ್ಲುಕುಟಿಗರ ಕಟ್ಟುಪಾಡು, ಸಂಕೇತಗಳನ್ನು ತಮ್ಮದಾಗಿಸಿಕೊಂಡ, ದೀಕ್ಷೆ ಪಡೆದು ಸೇರುವ ಸೋದರ ಸಂಘದವರು; ಲಾಡ್ಜ್ ಎಂದರೆ ಅವರ ಸ್ಥಳೀಯ ಘಟಕ. ಅದು ವರ್ಷಕ್ಕೊಂದರಂತೆ ಹೊರತರುವ ‘ಆರ್ಸ್ ಕ್ವಾಟುವರ್ ಕೊರೊನಾಟೋರಂ’ ಎಂಬ ಸಂಪುಟಮಾಲೆಯ ಹಳೆಯ ಸಂಪುಟಗಳಲ್ಲಿ ಹಲವು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಾನು ಮೇಸನ್ ಅಲ್ಲ. ಕಾರವಾರದಲ್ಲಿದ್ದುಕೊಂಡು ಜಿಲ್ಲೆಯ ಬ್ರಿಟಿಷ್ ಕಾಲದ ಕಾಗದಪತ್ರಗಳ ಬೆನ್ನು ಹತ್ತಿರುವ ಹವ್ಯಾಸಿ ಮಾತ್ರ. ಆ ಕಾಲದ ಕಲೆಕ್ಟರು, ಎಂಜಿನಿಯರು, ಸೈನ್ಯದ ವೈದ್ಯರಲ್ಲಿ ಇಂಥವರು ಮೇಸನ್ ಆಗಿದ್ದರಂತೆ ಎಂಬ ಮಾತು ಇತಿಹಾಸಾಸಕ್ತರು ಸೇರಿದ ಕಡೆಯಲ್ಲೆಲ್ಲ ಒಮ್ಮೆಯಾದರೂ ಬರುತ್ತದೆ, ಅದರ ಬೆನ್ನಿಗೇ ಗುಪ್ತ ಸಂಘದ ಕಥೆಗಳೂ ಬರುತ್ತವೆ. ‘ಅಂತೆ’ಯನ್ನು ದಾಟಿ ದಾಖಲೆಯ ಹತ್ತಿರ ಹೋಗಬಯಸುವವರಿಗೆ ಈ ಸಂಪುಟಗಳನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಆದರೆ ಇವುಗಳಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ.

ಲಾಡ್ಜಿನ ಸನ್ನದಿನ ದಿನಾಂಕ 1884ರ ನವೆಂಬರ್ 28. ಮೊದಲ ಅಧ್ಯಕ್ಷರಾಗಬೇಕಿದ್ದ ಸರ್ ಚಾರ್ಲ್ಸ್ ವಾರೆನ್ ಸೈನ್ಯದ ಕೆಲಸದ ಮೇಲೆ ದಕ್ಷಿಣ ಆಫ್ರಿಕಕ್ಕೆ ಹೋದದ್ದರಿಂದ ಉದ್ಘಾಟನೆ ನಡೆದದ್ದು 1886ರ ಜನವರಿ 12ರಂದು. ಜೆರುಸಲೇಮಿನಲ್ಲಿ ಉತ್ಖನನ ನಡೆಸಿದ್ದ ಈ ವಾರೆನ್ ಅದೇ ವರ್ಷ ಲಂಡನ್ ಪೊಲೀಸ್ ಕಮಿಷನರ್ ಆದರು; ಜ್ಯಾಕ್ ದಿ ರಿಪ್ಪರ್ ಕೊಲೆಗಳ ಕಾಲದಲ್ಲಿ ಆ ಕುರ್ಚಿಯಲ್ಲಿದ್ದವರು ಅವರೇ. ಸ್ಥಾಪಕರು ಒಟ್ಟು ಒಂಬತ್ತು ಮಂದಿ. ವಕೀಲಿ ಬಲ್ಲ ಮಾಜಿ ಸೈನಿಕ ರಾಬರ್ಟ್ ಫ್ರೀಕ್ ಗೋಲ್ಡ್, ಹಳೆಯ ಹಸ್ತಪ್ರತಿಗಳ ಬೇಟೆಗಾರ ವಿಲಿಯಂ ಜೇಮ್ಸ್ ಹ್ಯೂಅನ್, ಕಾರ್ಯದರ್ಶಿಯಾಗಿ ಲಾಡ್ಜನ್ನು ಕಟ್ಟಿ ನಿಲ್ಲಿಸಿದ ಜಾರ್ಜ್ ವಿಲಿಯಂ ಸ್ಪೆತ್, ಕಾದಂಬರಿಕಾರ ವಾಲ್ಟರ್ ಬೆಸಂಟ್ ಅವರಲ್ಲಿ ಸೇರಿದ್ದರು. ಅಲ್ಲಿಯವರೆಗೆ ಮೇಸನ್ನರ ಇತಿಹಾಸವೆಂದರೆ ಆದಮನಿಂದಲೋ, ಸೊಲೊಮನ್ ದೊರೆಯ ದೇವಾಲಯದಿಂದಲೋ ಆರಂಭವಾಗುವ ಕಥೆಯಾಗಿತ್ತು. ದಾಖಲೆಯಿಲ್ಲದೆ ಏನನ್ನೂ ಹೇಳಬಾರದೆಂಬ ಹಟವನ್ನು ಇವರು ಹಿಡಿದರು. ಗೋಕರ್ಣದ ಆತ್ಮಲಿಂಗದ ಕಥೆಯನ್ನು ಕೇಳಿ ಬೆಳೆದ ನಮಗೆ, ನಂಬಿದ ಕಥೆಯ ಪಕ್ಕದಲ್ಲಿ ಶಾಸನವನ್ನು ಇಟ್ಟು ನೋಡುವುದು ಎಷ್ಟು ಮುಜುಗರದ ಕೆಲಸವೆಂದು ಹೇಳಬೇಕಾಗಿಲ್ಲ. ಅದನ್ನು ಭಕ್ತರೇ ಕೈಗೆತ್ತಿಕೊಂಡರೆಂಬುದು ಇಲ್ಲಿಯ ವಿಶೇಷ.

ಮೊದಲು ನೋಡಬೇಕಾದದ್ದು ರೀಜಿಯಸ್ ಕಾವ್ಯ. ಸುಮಾರು 1390ರದೆಂದು ಎಣಿಸಲಾಗುವ, 794 ಸಾಲುಗಳ ಈ ಇಂಗ್ಲಿಷ್ ಪದ್ಯವು ಕಲ್ಲುಕುಟಿಗರ ಕಟ್ಟುಪಾಡುಗಳನ್ನು ಹದಿನೈದು ವಿಧಿ, ಹದಿನೈದು ಅಂಶಗಳಾಗಿ ಹೇಳುತ್ತದೆ. ರಾಜಮನೆತನದ ಗ್ರಂಥಸಂಗ್ರಹದೊಂದಿಗೆ 1757ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದಿದ್ದ ಇದನ್ನು ನೀತಿಪದ್ಯವೆಂದು ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಇದು ಕಲ್ಲುಕೆಲಸದವರ ಪದ್ಯವೆಂದು ಗುರುತಿಸಿ 1840ರಲ್ಲಿ ಅಚ್ಚು ಹಾಕಿಸಿದವರು ಜೇಮ್ಸ್ ಹ್ಯಾಲಿವೆಲ್. ಅವರು ಮೇಸನ್ ಆಗಿರಲಿಲ್ಲ. ಡಯೊಕ್ಲೀಷಿಯನ್ ಚಕ್ರವರ್ತಿಗಾಗಿ ವಿಗ್ರಹ ಕೆತ್ತಲು ಒಪ್ಪದೆ ಪ್ರಾಣ ತೆತ್ತ ನಾಲ್ವರು ಕಿರೀಟಧಾರಿ ಹುತಾತ್ಮರ ಕಥೆ ಈ ಪದ್ಯದೊಳಗೇ ಇದೆ. ಆ ಭಾಗದ ಲ್ಯಾಟಿನ್ ತಲೆಬರಹವೇ ವಾರ್ಷಿಕದ ಹೆಸರಾಯಿತು. ಲಾಡ್ಜ್ 1889ರಲ್ಲಿ ಆರಂಭಿಸಿದ ಮರುಮುದ್ರಣ ಮಾಲೆಯ ಮೊದಲ ಸಂಪುಟದಲ್ಲಿ ಇಡೀ ಹಸ್ತಪ್ರತಿಯ ಯಥಾಪ್ರತಿಯನ್ನು ಕೊಟ್ಟಿದ್ದಾರೆ. ಶಿರಸಿ, ಸೋಂದೆ ಕಡೆಯ ಹಳೆಯ ಮನೆಗಳ ಅಟ್ಟದಿಂದ ಇಳಿದ ಕಡತವೊಂದನ್ನು ಬಿಡಿಸಿ ನೋಡಿದವರಿಗೆ ಆ ಅಕ್ಷರಗಳ ಮುಂದೆ ಕುಳಿತಾಗ ಆಗುವ ಖುಷಿ ಪರಿಚಿತವೇ ಆಗಿರುತ್ತದೆ. ಗೋಲ್ಡ್ ಬರೆದ ವ್ಯಾಖ್ಯಾನ ಮಾತ್ರ ಉದ್ದವೋ ಉದ್ದ. ಅವರಿಗೆ ಅಡಿಟಿಪ್ಪಣಿಯ ಚಪಲ ಬಹಳ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಪ್ರಬಂಧಗಳಿಗಿಂತ ಅವುಗಳ ಹಿಂದಿನ ಪುಟಗಳು. ಲಾಡ್ಜಿನ ಸಭೆಯಲ್ಲಿ ಒಬ್ಬರು ಪ್ರಬಂಧ ಓದುತ್ತಾರೆ. ಅದರ ಕೆಳಗೆ, ಹೇಳಿದವರ ಹೆಸರಿನೊಂದಿಗೆ, ಉಳಿದವರ ಆಕ್ಷೇಪಗಳು ಒಂದರ ಹಿಂದೊಂದು ಅಚ್ಚಾಗಿರುತ್ತವೆ. ಕೊನೆಯಲ್ಲಿ ಲೇಖಕರ ಉತ್ತರ. ‘ಬ್ರದರ್’ ಎಂದು ಗೌರವದಿಂದ ಕರೆದೇ, ನೀವು ಕೊಟ್ಟ ಆಧಾರ ಸಾಲದೆಂದು ಹೇಳುವ ರೀತಿ ಓದಲು ಚೆಂದ. ವಂದನಾರ್ಪಣೆ ಮುಗಿಸಿ ಊಟಕ್ಕೆ ಏಳುವ ನಮ್ಮ ವಿಚಾರ ಸಂಕಿರಣಗಳು ಸ್ಮರಣ ಸಂಚಿಕೆಗೆ ಇಷ್ಟನ್ನಾದರೂ ಎರವಲು ಪಡೆಯಬಹುದಿತ್ತು.

ಈ ಶಿಸ್ತು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಇತ್ತೀಚಿನ ಉದಾಹರಣೆಯೇ ಇದೆ. 1717ರ ಜೂನ್ 24ರಂದು ಲಂಡನ್ನಿನ ಗೂಸ್ ಆ್ಯಂಡ್ ಗ್ರಿಡೈರನ್ ಎಂಬ ಪಾನಗೃಹದಲ್ಲಿ ನಾಲ್ಕು ಲಾಡ್ಜುಗಳು ಸೇರಿ, ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜನ್ನು ಮೊದಲ ಬಾರಿಗೆ ಕಟ್ಟಿದವೆಂಬುದು ಮೇಸನ್ನರು ತಲೆತಲಾಂತರದಿಂದ ಹೇಳಿಕೊಂಡು ಬಂದ ಸಂಗತಿ. ಆದರೆ ಜೇಮ್ಸ್ ಆ್ಯಂಡರ್ಸನ್ ಬರೆದ, ಮೇಸನ್ನರ ನಿಯಮಗಳ ‘ಸಂವಿಧಾನ’ ಗ್ರಂಥದ 1723ರ ಮೊದಲ ಆವೃತ್ತಿಯಲ್ಲಿ ಈ ಪ್ರಸಂಗವಿಲ್ಲ. ಅದು ಬರುವುದು 1738ರ ಎರಡನೆಯ ಆವೃತ್ತಿಯಲ್ಲಿ, ಅಂದರೆ ಅದು ನಡೆಯಿತೆನ್ನಲಾದ ದಿನದಿಂದ ಎರಡು ದಶಕಗಳ ಬಳಿಕ. ಮುನ್ನೂರನೆಯ ವರ್ಷದ ಸಂಭ್ರಮಕ್ಕೆ ತಯಾರಿ ನಡೆದಿದ್ದಾಗಲೇ, 2016ರಲ್ಲಿ, ಈ ಲಾಡ್ಜ್ ಕೇಂಬ್ರಿಜ್‌ನಲ್ಲಿ ಏರ್ಪಡಿಸಿದ ಸಮ್ಮೇಳನದಲ್ಲಿ ಆ್ಯಂಡ್ರೂ ಪ್ರೆಸ್ಕಾಟ್ ಮತ್ತು ಸೂಸನ್ ಮಿಚೆಲ್ ಸಾಮರ್ಸ್ ಎಂಬ ವಿದ್ವಾಂಸರು ಆ್ಯಂಡರ್ಸನ್ನರ ಮಾತನ್ನು ನಂಬಲಾಗದೆಂದೂ, ಗ್ರ್ಯಾಂಡ್ ಲಾಡ್ಜಿನ ನಿಜವಾದ ಆರಂಭ 1721ರಲ್ಲೆಂದೂ ವಾದಿಸಿದರು. 1717ನ್ನು ಸಮರ್ಥಿಸುವ ಉತ್ತರಗಳೂ ಬಂದವು. 2017ರ ಉತ್ಸವ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯದೆ ಇರಲಿಲ್ಲ. ಜಾತ್ರೆಯ ಮುನ್ನಾದಿನ ದೇವಸ್ಥಾನದ ಕಾಲನಿರ್ಣಯದ ಚರ್ಚೆಗೆ ದೇವಸ್ಥಾನದ ಆವರಣದಲ್ಲೇ ಜಾಗ ಕೊಟ್ಟಂತಾಯಿತು ಇದು. ಲಾಡ್ಜಿನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಕಲ್ಲುಕೆಲಸದ ಆರ್ಥಿಕ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಅರ್ಥಶಾಸ್ತ್ರದ ಪ್ರಾಧ್ಯಾಪಕ ಡಗ್ಲಸ್ ನೂಪ್ ತಮ್ಮ ಸಹೋದ್ಯೋಗಿ ಜಿ. ಪಿ. ಜೋನ್ಸ್ ಜೊತೆಗೂಡಿ 1930ರ ದಶಕದಲ್ಲಿ ಬರೆದವನ್ನು ಹುಡುಕಿ ಓದಬೇಕು. ಇಂಗ್ಲೆಂಡಿನ ವೇಲ್ ರಾಯಲ್ ಮಠದ 1278ರಿಂದ 1280ರವರೆಗಿನ ಕಟ್ಟಡದ ಲೆಕ್ಕಪತ್ರಗಳಿಂದ ಕೂಲಿ, ಗಣಿಯಿಂದ ಕಲ್ಲು ಸಾಗಿಸಿದ ಖರ್ಚುಗಳನ್ನು ಅವರು ಎತ್ತಿ ತೋರಿಸುತ್ತಾರೆ. ರಹಸ್ಯ ಸಂಕೇತಗಳ ಹಂಬಲದಿಂದ ಬಂದ ಓದುಗರಿಗೆ ಇಲ್ಲಿ ಆಕಳಿಕೆ ಬಂದೀತು.

ಭಾರತದ ವಿಷಯಕ್ಕೆ ಬಂದಾಗ ಹಳೆಯ ಸಂಪುಟಗಳು ಸೊರಗುತ್ತವೆ. ಚಿತ್ರಕಾರ ವಿಲಿಯಂ ಸಿಂಪ್ಸನ್ ಬ್ರಾಹ್ಮಣರ ದೀಕ್ಷಾವಿಧಿಯನ್ನು ಕುರಿತು ಬರೆದದ್ದರಂಥ ಲೇಖನಗಳು ಹೋಲಿಕೆಯ ಮೇಲೆ ನಿಂತವು. ಇಂಗ್ಲೆಂಡಿನ ಚರಿತ್ರೆಗೆ ಕೇಳಿದಷ್ಟು ಸಾಕ್ಷ್ಯವನ್ನು ಪೂರ್ವದೇಶಗಳ ಆಚರಣೆಗೆ ಯಾರೂ ಕೇಳಿದಂತೆ ಕಾಣುವುದಿಲ್ಲ. ಭಾರತೀಯರನ್ನು ಲಾಡ್ಜಿನೊಳಗೆ ಬಿಡಬೇಕೇ ಬೇಡವೇ ಎಂಬ ದೀರ್ಘ ಜಗಳ ನನಗೆ ಸಿಕ್ಕದ್ದು ಈ ಸಂಪುಟಗಳಿಂದಾಚೆ. ಬೊಂಬಾಯಿಯಲ್ಲಿ ಜೇಮ್ಸ್ ಬರ್ನ್ಸ್ 1843ರಲ್ಲಿ ಭಾರತೀಯರಿಗಾಗಿಯೇ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಲಾಡ್ಜನ್ನು ತೆರೆದರು. ಕಲಕತ್ತೆಯಲ್ಲಿ ಪ್ರಸನ್ನ ಕುಮಾರ ದತ್ತ ಎಂಬ ಹಿಂದೂ ವ್ಯಾಪಾರಿ ಪ್ರವೇಶಕ್ಕಾಗಿ ವರ್ಷಗಟ್ಟಲೆ ಕಾದು 1872ರಲ್ಲಿ ದೀಕ್ಷೆ ಪಡೆದರು. ಹಿಂದೂಗಳಿಗೆ ದೇವರು ಹಲವರಾದ್ದರಿಂದ ಒಬ್ಬ ಪರಮಾತ್ಮನ ಮೇಲೆ ಪ್ರಮಾಣ ಮಾಡಲಾರರೆಂಬುದು ತಡೆದವರ ತರ್ಕವಾಗಿತ್ತು. ಇಷ್ಟು ರಸವತ್ತಾದ ವಿಷಯವನ್ನು ಇಂಥ ಶಿಸ್ತಿನ ಸಂಶೋಧಕರು ಆಗಲೇ ಕೈಗೆತ್ತಿಕೊಳ್ಳಬೇಕಿತ್ತು.

ನಮ್ಮ ಜಿಲ್ಲೆಯ ಹೆಸರುಗಳನ್ನು ಹುಡುಕುವವರಿಗೆ ವಾರ್ಷಿಕವೊಂದೇ ಸಾಲದು. ಲೇನ್ ಎಂಬವರು 1886ರಲ್ಲಿ ಪ್ರಕಟಿಸಿ 1895ರಲ್ಲಿ ಹಿಗ್ಗಿಸಿದ ಲಾಡ್ಜುಗಳ ಪಟ್ಟಿಯನ್ನು ಶೆಫೀಲ್ಡ್ ವಿಶ್ವವಿದ್ಯಾಲಯದವರು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಲಾಡ್ಜಿನ ಹೆಸರು, ಕಾಲಕಾಲಕ್ಕೆ ಬದಲಾದ ಸಂಖ್ಯೆ, ಯಾವ ವರ್ಷ ಯಾವ ಕಟ್ಟಡದಲ್ಲಿ ಸೇರುತ್ತಿತ್ತೆಂಬ ವಿವರ ಅದರಲ್ಲಿದೆ. ಆದರೆ ಅದು ಇಂಗ್ಲಿಷ್ ಸಂವಿಧಾನದ, ಅಂದರೆ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಅಡಿಯ, ಲಾಡ್ಜುಗಳಿಗೆ ಸೀಮಿತ; ಬರ್ನ್ಸ್ ತೆರೆದದ್ದು ಸ್ಕಾಟ್ಲೆಂಡಿನ ಸನ್ನದಿನದು. ಹತ್ತೊಂಬತ್ತನೆಯ ಶತಮಾನದ ಮೇಸನ್ ಪತ್ರಿಕೆಗಳೂ ಹುಡುಕುವ ಸೌಲಭ್ಯದೊಂದಿಗೆ ಉಚಿತವಾಗಿ ಸಿಗುತ್ತವೆ. ಹುಡುಕುವಾಗ ಎರಡು ಸಂಗತಿ ನೆನಪಿರಲಿ. ಕಾರವಾರವನ್ನು ಆಗ ಇಂಗ್ಲಿಷಿನಲ್ಲಿ ‘ಕೆ’ಯ ಬದಲು ‘ಸಿ’ಯಿಂದಲೂ ಬರೆಯುತ್ತಿದ್ದರು. ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು. ಆದ್ದರಿಂದ ಅದಕ್ಕೂ ಹಿಂದಿನ ಅಧಿಕಾರಿಯನ್ನು ಹುಡುಕುವಾಗ ಬೊಂಬಾಯಿಯ ಲಾಡ್ಜುಗಳ ಬದಲು ಮದರಾಸಿನವುಗಳಿಂದ ಆರಂಭಿಸಬೇಕು. ಇಂಗ್ಲಿಷ್ ಸಂವಿಧಾನದ 1751ರಿಂದ 1921ರವರೆಗಿನ ಸದಸ್ಯರ ರಿಜಿಸ್ಟರುಗಳು ವಂಶಾವಳಿ ಹುಡುಕುವವರ ಆ್ಯನ್ಸೆಸ್ಟ್ರಿ ಜಾಲತಾಣದಲ್ಲಿವೆ, ಅದಕ್ಕೆ ಹಣ ಕೊಡಬೇಕು. ಅವುಗಳಲ್ಲಿ ಸದಸ್ಯನ ವಯಸ್ಸು, ಉದ್ಯೋಗ, ವಾಸದ ಊರು, ದೀಕ್ಷೆಯ ದಿನಾಂಕ ಸಾಮಾನ್ಯವಾಗಿ ಇರುತ್ತವೆ. ಉಚಿತವಾದವುಗಳಲ್ಲಿ ವ್ಯಕ್ತಿಯ ಪೂರ್ಣ ಹೆಸರನ್ನೂ ಲಾಡ್ಜಿನ ಸಂಖ್ಯೆಯನ್ನೂ ಗಟ್ಟಿ ಮಾಡಿಕೊಂಡ ಮೇಲೆ ಒಂದೇ ತಿಂಗಳ ಚಂದಾ ತೆತ್ತರೂ ಕೆಲಸ ಆಗುತ್ತದೆ.