ಸ್ಟೆಮ್ ಸೆಲ್ ಸಂಗ್ರಹ: ಇಂಜೆಕ್ಷನ್ ಸಾಕೇ, ಕೀಮೋನೂ ಬೇಕೇ?

ಮೈಲೋಮಾ (ಮೂಳೆಮಜ್ಜೆಯ ಒಂದು ಬಗೆಯ ರಕ್ತ ಕ್ಯಾನ್ಸರ್) ಇರುವ ನಿಮ್ಮ ಅಪ್ಪನಿಂದ ಕಸಿಗಾಗಿ ಅವರದೇ ಸ್ಟೆಮ್ ಸೆಲ್ (ರಕ್ತಕಣ ಹುಟ್ಟಿಸುವ ಮೂಲ ಕೋಶ) ತೆಗೆಯಲು ಯಾವ ದಾರಿ ಎಂದು ಕೇಳಿದ್ದೀರಿ. ನಿರ್ಧಾರ ಡಾಕ್ಟರದ್ದೇ, ಅವರ ಮುಂದೆ ಕೂರುವ ಮೊದಲು ಇಷ್ಟು ತಿಳಿದಿರಲಿ. ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ34 ಕೋಶಗಳು (ಸ್ಟೆಮ್ ಸೆಲ್‌ಗಳನ್ನು ಈ ಗುರುತಿನಿಂದಲೇ ಎಣಿಸುತ್ತಾರೆ) ಸಿಗಬೇಕು.

ಸಮಯದ ಲೆಕ್ಕದಲ್ಲಿ ಸ್ಟೆಮ್ ಸೆಲ್‌ಗಳನ್ನು ಮಜ್ಜೆಯಿಂದ ರಕ್ತಕ್ಕೆ ಬರಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಮಾತ್ರ ಕೊಡುವುದು ಸಲೀಸು: ನಾಲ್ಕು ದಿನ ಚುಚ್ಚಿಸಿಕೊಂಡರೆ ಸಾಮಾನ್ಯವಾಗಿ ಐದನೆಯ ದಿನ ಸಂಗ್ರಹ. ಮೂಳೆನೋವು ಬರಬಹುದು.

ಜೊತೆಗೆ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧ ಕೊಟ್ಟರೆ ಕೋಶಗಳು ಹೆಚ್ಚು ಸಿಗುತ್ತವೆ. ಆದರೆ ಸುಮಾರು 10–14 ದಿನ ಕಾಯಬೇಕು, ಬಿಳಿ ರಕ್ತಕಣ ಕುಸಿದು ಸೋಂಕು ತಗುಲಿದರೆ ಅಡ್ಮಿಟ್ ಆಗಬೇಕು. ಆ ಬಿಲ್ಲನ್ನು ಸೇರಿಸದೆ ಇದನ್ನು ಅಗ್ಗ ಎನ್ನಬೇಡಿ.

ಜಿ-ಸಿಎಸ್‌ಎಫ್ ಜೊತೆ ಸೇರಿಸಿ ಕೊಡುವ ಇನ್ನೊಂದು ಇಂಜೆಕ್ಷನ್ ಪ್ಲೆರಿಕ್ಸಾಫೋರ್, ಅದು ದುಬಾರಿ. ಸಂಗ್ರಹಕ್ಕೆ ಸುಮಾರು 11 ಗಂಟೆ ಮೊದಲು ಕೊಡುತ್ತಾರೆ. ರಕ್ತದಲ್ಲಿ ಸಿಡಿ34 ಎಣಿಕೆ ಕಡಿಮೆ ಬಂದಾಗ ಮಾತ್ರ ಬಳಸುವ ಕ್ರಮ ನನಗೆ ಸರಿಯೆನಿಸುತ್ತದೆ.

ವಯಸ್ಸಾದವರಿಗೆ, ಸೋಂಕಿನ ಭಯ ಇರುವವರಿಗೆ ಮೊದಲನೆಯದು, ಅಂದರೆ ಜಿ-ಸಿಎಸ್‌ಎಫ್ ಮಾತ್ರ. ಎರಡು ಕಸಿಗೆ ಬೇಕಾಗುವಷ್ಟು ಕೋಶ ಬೇಕಿದ್ದರೆ ಎರಡನೆಯದನ್ನು, ಅಂದರೆ ಕೀಮೋ ಸೇರಿಸುವುದನ್ನು ಯೋಚಿಸಬಹುದು. ಮೈಲೋಮಾದ ಔಷಧ ಲೆನಾಲಿಡೊಮೈಡ್ ಬಹಳ ತಿಂಗಳು ತೆಗೆದುಕೊಂಡಿದ್ದರೆ ಪ್ಲೆರಿಕ್ಸಾಫೋರ್ ಸಿದ್ಧವಿರಲಿ. ಕಿಡ್ನಿ ದುರ್ಬಲವಿದ್ದರೆ ಪ್ಲೆರಿಕ್ಸಾಫೋರ್ ಡೋಸ್ ಇಳಿಸಬೇಕು.

ಯಾವ ದಾರಿಯಾದರೂ ಸಂಗ್ರಹದ ದಿನ ರಕ್ತದಿಂದ ಕೋಶ ಬೇರ್ಪಡಿಸುವ ಮಷೀನಿನ ಮುಂದೆ ನಾಲ್ಕೈದು ಗಂಟೆ. ತುಟಿ ಜುಮ್ಮೆಂದರೆ ಕ್ಯಾಲ್ಸಿಯಂ ಇಳಿದಿರಬಹುದು, ತಕ್ಷಣ ನರ್ಸ್‌ಗೆ ಹೇಳಲು ಅಪ್ಪನಿಗೆ ತಿಳಿಸಿಡಿ.