ಹ್ಯಾಮರ್ ಬಿಟ್ಟು ಸ್ಟ್ರೈಕರ್‌ಗೆ ಬಂದು ಹದಿನಾಲ್ಕು ತಿಂಗಳು

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಡ್ರೈ ಫೈರ್, ಅಂದರೆ ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಯುವ ಅಭ್ಯಾಸ, ಮಾಡದಿದ್ದರೆ ನನಗೆ ಆ ದಿನ ಮುಗಿದ ಹಾಗೇ ಅನಿಸುವುದಿಲ್ಲ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿರುತ್ತದೆ. ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಗುಂಡು ಕೂರುವ ಚೇಂಬರಿನೊಳಗೆ ಕಿರುಬೆರಳು ಹಾಕಿ ಮುಟ್ಟಿ ನೋಡುತ್ತೇನೆ. ಕಣ್ಣು ಅಭ್ಯಾಸಬಲದಿಂದ ಮೋಸಹೋಗಬಹುದು, ಬೆರಳು ಹೋಗುವುದಿಲ್ಲ. ಆಮೇಲೆ ಮುಂದಿನ ಸೈಟಿನ ಹಿಂದೆ, ಸ್ಲೈಡಿನ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಎಳೆಯುವುದು. ಈಗಿನ ಸ್ಟ್ರೈಕರ್ ಪಿಸ್ತೂಲಿಗೆ ಮುಂಚೆ ನಾನು ಬಳಸುತ್ತಿದ್ದದ್ದು ಅದೇ ಕಂಪನಿಯ ಹಳೆಯ ಹ್ಯಾಮರ್ ಪಿಸ್ತೂಲು. ಬಡಿದು ಗುಂಡು ಸಿಡಿಸುವ ಪುಟ್ಟ ಸುತ್ತಿಗೆಯೇ ಹ್ಯಾಮರ್. ಅದು ಡಬಲ್ ಆ್ಯಕ್ಷನ್, ಟ್ರಿಗರ್ ಎಳೆತವೇ ಹ್ಯಾಮರನ್ನು ಎತ್ತಿ ಬೀಳಿಸುತ್ತದೆ. ಎಳೆದು ಬಿಟ್ಟು, ಮತ್ತೆ ಎಳೆದರೆ ಆಯಿತು. ನಾಣ್ಯ ಇಟ್ಟಲ್ಲೇ ಇರುತ್ತಿತ್ತು.

ಹೊಸದರಲ್ಲಿ ಇದಕ್ಕೆ ಕಲ್ಲು ಬಿತ್ತು. ಹೊರಗೆ ಕಾಣುವ ಹ್ಯಾಮರ್ ಇಲ್ಲ. ಸ್ಲೈಡಿನೊಳಗಿನ ಸ್ಟ್ರೈಕರ್ ಸ್ಪ್ರಿಂಗ್ ಬಲದಿಂದ ಮುಂದೆ ನುಗ್ಗಿ ಗುಂಡಿನ ತಳಕ್ಕೆ ಬಡಿಯುತ್ತದೆ. ಅದನ್ನು ಸಜ್ಜು ಮಾಡುವುದು ಸ್ಲೈಡಿನ ಚಲನೆ. ಹಾಗಾಗಿ ಒಮ್ಮೆ 'ಟಕ್' ಅಂದಮೇಲೆ ಟ್ರಿಗರ್ ಸತ್ತಂತೆ. ನಾಣ್ಯ ತೆಗೆ, ಸ್ಲೈಡ್ ಎಳೆ, ನಾಣ್ಯ ಇಡು. ಮೊದಲ ತಿಂಗಳು ಇದರಿಂದ ನನಗೆ ನಿಜವಾಗಿಯೂ ಬೇಸರವಾಗಿತ್ತು. ಹ್ಯಾಮರ್ ಮಾಡುವುದರಲ್ಲೇ ಹೆಸರು ಗಳಿಸಿದ ಕಂಪನಿಗೆ ಈ ದಾರಿ ಯಾಕೆ ಬೇಕಿತ್ತು ಎಂದುಕೊಂಡೆ.

ಯಾಕೆ ಎಂಬುದು ಗೊತ್ತಿಲ್ಲದ್ದೇನಲ್ಲ. ಸ್ಟ್ರೈಕರ್ ಹೊಸದಲ್ಲ, ಜರ್ಮನಿಯ ಹಳೆಯ ಪಿಸ್ತೂಲು ಲೂಗರ್ ಪಿ08 ಕೂಡ ಅದೇ. ಪಾಲಿಮರ್ ಫ್ರೇಮಿನ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿನ ಜೊತೆ ಅದನ್ನು ಸೇರಿಸಿ ಜರ್ಮನಿಯ ಹೆಕ್ಲರ್ ಆ್ಯಂಡ್ ಕಾಖ್ ಕಂಪನಿ 1970ರಲ್ಲೇ ವಿಪಿ70 ಪಿಸ್ತೂಲು ತಂದಿತ್ತು. ಆದರೆ 1982ರಲ್ಲಿ ಆಸ್ಟ್ರಿಯಾದ ಸೇನೆ ಸ್ಟ್ರೈಕರ್ ಪಿಸ್ತೂಲಾದ ಗ್ಲಾಕ್ 17 ಆರಿಸಿಕೊಂಡಮೇಲೆ ಗಾಳಿ ಆ ಕಡೆಗೆ ತಿರುಗಿತು. 2014ರಲ್ಲಿ ಹೆಕ್ಲರ್ ಆ್ಯಂಡ್ ಕಾಖ್‌ನ ವಿಪಿ9, ಸಿಗ್ ಸಾವರ್ ಕಂಪನಿಯ ಪಿ320, ಎರಡು ಸ್ಟ್ರೈಕರ್ ಪಿಸ್ತೂಲುಗಳೂ ಬಂದವು. 2017ರಲ್ಲಿ ಅಮೆರಿಕದ ಸೇನೆ ಪಿ320 ವಿನ್ಯಾಸವನ್ನೇ ಎಂ17 ಎಂದು ತೆಗೆದುಕೊಂಡಿತು. ಇಷ್ಟಾದಮೇಲೆ ಯಾವ ಕಂಪನಿ ತಾನೇ ಹೊರಗೆ ನಿಲ್ಲುತ್ತದೆ? ತಡವಾಗಿ ಬಂದವರು ಬೇರೆಯವರ ತಪ್ಪು ನೋಡಿ ಕಲಿತಿರಬೇಕು ಎಂಬುದಷ್ಟೇ ನನ್ನ ನಿರೀಕ್ಷೆ. ಒಂದು ವಿಷಯದಲ್ಲಿ ಕಲಿತಿದ್ದಾರೆ: ಗ್ಲಾಕ್ ಬಿಚ್ಚಲು ಟ್ರಿಗರ್ ಎಳೆಯಲೇಬೇಕು, ನನ್ನ ಹೊಸದಕ್ಕೆ ಬೇಕಿಲ್ಲ. ವಾರಕ್ಕೆರಡು ಸಲ ಬಿಚ್ಚಿ ಒರೆಸುವ ನನಗೆ ಇದು ದೊಡ್ಡ ಸಮಾಧಾನ.

ನನ್ನ ಮನಸ್ಸು ಬದಲಾದದ್ದು ರೇಂಜಿನಲ್ಲಿ. ಹಳೆಯದರಲ್ಲಿ ಮೊದಲ ಗುಂಡಿಗೆ ಉದ್ದನೆಯ, ಭಾರದ ಎಳೆತ, ಎರಡನೆಯದರಿಂದ ಹಗುರ. ಎಷ್ಟೇ ಅಭ್ಯಾಸ ಮಾಡಿದರೂ ನನ್ನ ಮೊದಲ ತೂತು ಗುಂಪಿಗಿಂತ ಎರಡು ಬೆರಳು ಕೆಳಗೇ ಬೀಳುತ್ತಿತ್ತು. ಇದರಲ್ಲಿ ಮೊದಲನೆಯದೂ ಹತ್ತನೆಯದೂ ಒಂದೇ ಎಳೆತ. ಟ್ರಿಗರ್ ಸ್ವಲ್ಪ ಸಡಿಲವಾಗಿ ಹಿಂದೆ ಬಂದು ಒಂದು ಕಡೆ ತಡೆಯುತ್ತದೆ, ಅಲ್ಲಿಂದ ಒಂದಿಷ್ಟು ಒತ್ತಿದರೆ ಸಾಕು. ಬಿಡುವಾಗ ರೀಸೆಟ್ ಆದದ್ದು, ಅಂದರೆ ಟ್ರಿಗರ್ ಮುಂದಿನ ಗುಂಡಿಗೆ ಸಿದ್ಧವಾದದ್ದು, ಬೆರಳಿಗೆ ತಿಳಿಯುತ್ತದೆ. ಮೂರನೇ ತಿಂಗಳಿಗೆ ಆ ಒಂಟಿ ತೂತು ಗುಂಪಿನೊಳಗೆ ಸೇರಿತು. ಆ ಕಾಗದವನ್ನು ಮಡಿಸಿ ಇಟ್ಟುಕೊಂಡಿದ್ದೇನೆ.

ರಾತ್ರಿಯ ಅಭ್ಯಾಸವೂ ಬೇರೆ ರೂಪ ಪಡೆಯಿತು. ಪ್ರತಿ ಸಲ ಸ್ಲೈಡ್ ಎಳೆಯಬೇಕಾದ್ದರಿಂದ ಹಿಡಿತ ಬಿಟ್ಟು ಮತ್ತೆ ಹಿಡಿಯಬೇಕು. ಎಡಗೈ ಪ್ರತಿ ಸಲ ತನ್ನ ಜಾಗ ಹುಡುಕಬೇಕು. ನಾಣ್ಯ ಬಿಟ್ಟೆ, ಈಗ ಹಿಡಿತವನ್ನೇ ಎಣಿಸುತ್ತೇನೆ, ರಾತ್ರಿಗೆ ನಲವತ್ತು ಸಲ.

ಬೇಸರ ಪೂರ್ತಿ ಹೋಗಿಲ್ಲ. ಟ್ರಿಗರಿನ ನಡುವಿನ ಸುರಕ್ಷತಾ ಪಟ್ಟಿಯ ಅಂಚು ಚೂಪು. ಇನ್ನೂರು ಗುಂಡು ದಾಟಿದರೆ ಬೆರಳಿನ ಮೇಲೆ ಕೆಂಪು ಗೆರೆ ಮೂಡುತ್ತದೆ. ಹಳೆಯದರ ಎಂಟು ಮ್ಯಾಗಜೀನುಗಳು ಇದಕ್ಕೆ ಕೂರುವುದಿಲ್ಲ, ಪಿಸ್ತೂಲು ಇಟ್ಟುಕೊಳ್ಳುವ ಒರೆ, ಹೋಲ್ಸ್ಟರ್ ಕೂಡ ಹೊಸದೇ ಬೇಕಾಯಿತು. ಕೈಬಿಗಿ ಹಿಡಿದು ಖರ್ಚು ಮಾಡುವ ನನ್ನಂಥವರು ಪಿಸ್ತೂಲಿನ ಬೆಲೆಯೊಂದನ್ನೇ ನೋಡಬೇಡಿ. ಮ್ಯಾಗಜೀನ್, ಹೋಲ್ಸ್ಟರ್ ಎರಡನ್ನೂ ಕೂಡಿಸಿ ನೋಡಿ. ನಾನು ಆ ಲೆಕ್ಕ ಹಾಕದೆ ತೆಗೆದುಕೊಂಡು, ಎರಡು ತಿಂಗಳು ಗುಂಡಿನ ಖರ್ಚು ಅರ್ಧಕ್ಕೆ ಇಳಿಸಬೇಕಾಯಿತು. ಹಳೆಯದನ್ನು ಮಾರಿಲ್ಲ. ಆದರೆ ರೇಂಜಿಗೆ ಹೊರಟಾಗ ಚೀಲಕ್ಕೆ ಹಾಕಿಕೊಳ್ಳುವುದು ಇದನ್ನೇ.