ಮಕ್ಕಳ ಗಂಟುನೋವು ಅಂತ ಬರೀ ಮಾತ್ರೆ ಕೊಟ್ಟು ಕಳಿಸಿದ್ರೆ ಸುಮ್ನಿರ್ಬೇಡಿ ಮಾರ್ರೆ

ಉಡುಪಿ ಮಂಗಳೂರು ಕಡೆಯ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಗಂಟಲು ನೋವಿನ ನಂತರ ಬಂದು ಹಾರ್ಟಿಗೆ ಪೆಟ್ಟು ಕೊಡುವ ರುಮ್ಯಾಟಿಕ್ ಜ್ವರದ ವಿಷಯ ಇದು. ನನ್ನ ಅಕ್ಕನ ಮಗ, ಆರನೇ ಕ್ಲಾಸು, ಕಾಪು ಹತ್ರ ಮನೆ. ಮಳೆ ಶುರುವಾಗುವಾಗ ಅವನಿಗೆ ಗಂಟಲು ನೋವು ಜ್ವರ ಬಂದು ಹೋಯ್ತು. ಎರಡು ಮೂರು ವಾರ ಕಳೆದು ಒಂದು ಮೊಣಗಂಟು ಬಾತು ಬಿಸಿಯಾಯ್ತು, ಬೆಡ್‌ಶೀಟ್ ತಾಗಿದ್ರೂ ಕಿರುಚ್ತಿದ್ದ, ಅದು ಕಮ್ಮಿಯಾಗುವಾಗ ಇನ್ನೊಂದು ಕಾಲಿನ ಪಾದದ ಗಂಟು, ಮತ್ತೆ ಮೊಣಕೈ. ಹತ್ತಿರದ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರೆ "ಬೆಳೆಯುವ ಮಕ್ಕಳಿಗೆ ಇದೆಲ್ಲ ಇರ್ತದಮ್ಮ" ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದ್ರು. ಗಂಟಲು ನೋವು ಬಂದಿತ್ತಾ ಅಂತ ಕೇಳ್ಲಿಲ್ಲ, ಎದೆಗೆ ಸ್ಟೆತಸ್ಕೋಪ್ ಸಹ ಇಡ್ಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮಾತ್ರೆಗೆ ನೋವೇನೋ ಹೋಯ್ತು. ಈ ಕಾಯಿಲೆಯ ಮೋಸ ಇರುದೇ ಅಲ್ಲಿ, ಬಾತ ಗಂಟು ವಾಸಿಯಾಗ್ತದೆ, ಒಳಗೆ ಹಾರ್ಟಿಗೆ ಆಗುದು ಯಾರ ಕಣ್ಣಿಗೂ ಕಾಣುದಿಲ್ಲ.

ಆಮೇಲೆ ಹುಡುಗ ಸುಸ್ತು ಸುಸ್ತು ಅನ್ಲಿಕ್ಕೆ ಶುರು ಮಾಡಿದ. ಮಲಗಿದ್ರೆ ಕೆಮ್ಮು, ಗೋಡೆಗೆ ಒರಗಿ ಕೂತ್ರೆ ಮಾತ್ರ ಉಸಿರು. ಅಕ್ಕ ರಾತ್ರಿ ಎದೆ ಮೇಲೆ ಕೈ ಇಟ್ಟು ನೋಡಿದ್ರೆ ನಿದ್ದೆಯಲ್ಲೂ ಓಡಿ ಬಂದವರ ಹಾಗೆ ಹೊಡ್ಕೊಳ್ತಾ ಇತ್ತಂತೆ. ಮಂಗಳೂರಿಗೆ ಕರ್ಕೊಂಡು ಹೋಗಿ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿಸಿದಾಗ ಗೊತ್ತಾದದ್ದು, ರುಮ್ಯಾಟಿಕ್ ಜ್ವರ, ಹಾರ್ಟಿನ ಮಾಂಸಖಂಡಕ್ಕೆ ಉರಿಯೂತ, ಮೈಟ್ರಲ್ ವಾಲ್ವ್ (ಹಾರ್ಟಿನ ಎಡಭಾಗದ ಒಂದು ಕವಾಟ) ಜೋರು ಲೀಕ್, ಹಾರ್ಟ್ ಫೇಲ್ಯೂರ್, ಅಂದ್ರೆ ಹಾರ್ಟಿಗೆ ರಕ್ತ ಸರಿಯಾಗಿ ಪಂಪ್ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ. ಸೀದಾ ಐಸಿಯು.

ಅಲ್ಲಿನ ಡಾಕ್ಟ್ರು ಕೂತು ವಿವರ್ಸಿ ಹೇಳಿದ್ರು. ಗಂಟಲಿಗೆ ಬಂದ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಮೇಲೆ ಹೋರಾಡ್ಲಿಕ್ಕೆ ಮೈ ತಯಾರು ಮಾಡಿದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಹಾರ್ಟಿನ ಮೇಲೆ ಬೀಳ್ತದಂತೆ, ಹೊರಗಿನ ಪೊರೆ, ಮಾಂಸಖಂಡ, ಒಳಗಿನ ವಾಲ್ವ್ ಯಾವುದನ್ನೂ ಬಿಡುದಿಲ್ಲ. ಮಾಂಸಖಂಡದ ಊತ ಸಾಮಾನ್ಯವಾಗಿ ಇಳಿಯುತ್ತದೆ. ಆದ್ರೆ ವಾಲ್ವ್ ಲೀಕಾಗಿ ರಕ್ತ ಹಿಂದೆ ಹೋಗಿ ಶ್ವಾಸಕೋಶದಲ್ಲಿ ನೀರು ತುಂಬ್ತದೆ, ಹಾರ್ಟ್ ಸೋಲುದು ಮುಖ್ಯವಾಗಿ ಅದ್ರಿಂದ, ಮತ್ತೆ ವಾಲ್ವಿಗೆ ಆದ ಹಾನಿ ಹಾಗೇ ಉಳಿದ್ರೆ ಮುಂದೆ ಆಪರೇಷನ್‌ವರೆಗೂ ಹೋಗ್ಬಹುದು.

5ರಿಂದ 15 ವರ್ಷದ ಮಕ್ಕಳಲ್ಲೇ ಇದು ಜಾಸ್ತಿ. ಗಂಟಲು ನೋವು ಆಗಿ ಕೆಲವು ವಾರಕ್ಕೆ ನೋವು ಗಂಟಿಂದ ಗಂಟಿಗೆ ಓಡಾಡಿದ್ರೆ ಎಕೋ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಎಎಸ್‌ಓ ಅನ್ನುವ ರಕ್ತದ ಟೆಸ್ಟ್ ಒಂದೇ ನಂಬ್ಬೇಡಿ, ಹಿಂದೆ ಸ್ಟ್ರೆಪ್ ಬಂದಿತ್ತು ಅಂತ ಮಾತ್ರ ಅದು ಹೇಳುದು. ಮಲಗಿದ್ರೆ ಉಸಿರು ಕಟ್ಟುದಾದ್ರೆ ಬೆಳಿಗ್ಗೆ ಆಗ್ಲಿ ಅಂತ ಕಾಯ್ಬೇಡಿ.

ಹುಡುಗ ಈಗ ಮನೆಯಲ್ಲಿದ್ದಾನೆ, 21 ದಿನಕ್ಕೊಮ್ಮೆ ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್, ಅದೂ ವರ್ಷಗಟ್ಲೆ. "ಆಡ್ತಾ ಇದ್ದಾನಲ್ಲ, ಇನ್ನೆಂತಕ್ಕೆ ಚುಚ್ಚುದು" ಅಂತ ನೆಂಟರು ಹೇಳ್ತಾರೆ, ಕಿವಿಗೆ ಹಾಕ್ಕೊಳ್ಬೇಡಿ, ಇಂಜೆಕ್ಷನ್ ತಪ್ಪಿ ರುಮ್ಯಾಟಿಕ್ ಜ್ವರ ಪುನಃ ಬಂದ್ರೆ ಅದೇ ವಾಲ್ವಿಗೆ ಮತ್ತೆ ಪೆಟ್ಟು. ಎಲ್ಲಾ ಮೆಡಿಕಲ್‌ನಲ್ಲೂ ಇದು ಸಿಗುದಿಲ್ಲ, ಹಾಗಾಗಿ ಡೇಟ್ ಬರುವ ವಾರ ಮುಂಚೆಯೇ ಫೋನ್ ಮಾಡಿ ಸ್ಟಾಕ್ ಉಂಟಾ ಕೇಳಿಟ್ಕೊಳ್ಳಿ.